ನರಿಯನ್ನು ಕರೆಯುವ ಬೊಂಬೆ

ಅನುಮಾನ ಪಡುವವನಿಗೆ ತಕ್ಕ ಸಂಗತಿಗಳನ್ನು ದೇವರೇ ಹುಡುಕಿ ಕಳಿಸುತ್ತಾನೆಂದು ಕಾಣುತ್ತದೆ. ಮೆಲ್ಬರ್ನಿನ ಅಂಚಿಗೆ, ವಿಂಡಮ್ ವೇಲ್‌ಗೆ ಬಂದು ಮನೆ ಮಾಡಿದ ಮೇಲಂತೂ ನನಗೆ ಅವು ಬರುತ್ತಲೇ ಇವೆ. ನಾನು ಸ್ಕೂಲ್ ಬಸ್ ಓಡಿಸುವವನು. ಓದಿದ್ದು ಹಳ್ಳಿಯ ಶಾಲೆಯಲ್ಲಿ. ಬೆಳಿಗ್ಗೆ ಪೂಜೆಯಾಗದೆ ಕಾಫಿ ಮುಟ್ಟುವವನಲ್ಲ, ಯಾರನ್ನೂ ಸುಮ್ಮನೆ ದೂರುವವನೂ ಅಲ್ಲ. ಆದರೆ ಕಣ್ಣಿಗೆ ಬಿದ್ದದ್ದನ್ನು ಬಿದ್ದಿಲ್ಲ ಅನ್ನುವುದು ಹೇಗೆ?

೧. ಎದುರು ಮನೆಯ ಬಾಲ

ಎದುರು ಮನೆಯಲ್ಲಿ ಆಸ್ಟ್ರೇಲಿಯಾದವರೇ ಆದ ವಯಸ್ಸಾದ ಗಂಡ ಹೆಂಡತಿ. ಯಜಮಾನರು ಹಿಂದೆ ಕುರಿಗಳ ಉಣ್ಣೆ ಕತ್ತರಿಸುವ ಕೆಲಸದಲ್ಲಿದ್ದವರು. ನಾವು ಬಂದ ಮೊದಲ ವಾರ ಒಂದು ಬೆಳಿಗ್ಗೆ ನೋಡುತ್ತೇನೆ, ಅವರ ಮನೆ ಮುಂದಿನ ಹುಲ್ಲಿನಲ್ಲಿ ಒಂದು ಸಣ್ಣ ಪೆಟ್ಟಿಗೆ. ಪೆಟ್ಟಿಗೆಯಿಂದ ತಂತಿ ಎದ್ದಿದೆ. ತಂತಿಯ ತುದಿಯಲ್ಲಿ ಬೂದು ಕೂದಲಿನ ಬಾಲ. ಗಾಳಿ ಇಲ್ಲ, ಆದರೂ ಬಾಲ ಗಿರಗಿರನೆ ತಿರುಗುತ್ತಿದೆ. ಪೆಟ್ಟಿಗೆಯೊಳಗಿಂದ ಎಳೆಮಗು ಅತ್ತ ಹಾಗೆ ಕೀರಲು ದನಿ. ಯಜಮಾನರು ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತ ಟೀ ಕುಡಿಯುತ್ತಿದ್ದಾರೆ.

"ಬಾಲದ ಮುಖ ನಮ್ಮ ಮನೆ ಕಡೆಗೇ ಇದೆ ನೋಡು" ಅಂದೆ.

"ಬಾಲಕ್ಕೆ ಮುಖ ಎಲ್ಲಿರುತ್ತೆ ರೀ" ಅಂದಳು ಹೆಂಡತಿ.

"ನೀನು ಸುಮ್ಮನಿರು. ಊರಲ್ಲಿ ಇಂಥವು ಬೇಕಾದಷ್ಟು ನೋಡಿದೀನಿ. ಇದು ಮಾಟ."

ನಿಂಬೆಹಣ್ಣು ಹೋಳು ಮಾಡಿ, ಕುಂಕುಮ ಹಚ್ಚಿ, ಮನೆಗೆ ಮೂರು ಸಲ ನಿವಾಳಿಸಿ ರಸ್ತೆಯಲ್ಲಿ ಇಟ್ಟು ತಿರುಗಿ ನೋಡದೆ ಬಂದೆ. ಅರ್ಧ ಗಂಟೆಯಲ್ಲಿ ಬಾಗಿಲು ತಟ್ಟಿದ ಸದ್ದು. ಯಜಮಾನರು ಎರಡೂ ಹೋಳನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದಾರೆ.

"ಮೇಟ್, ನಿನ್ನ ನಿಂಬೆಹಣ್ಣು ರಸ್ತೇಲಿ ಬಿದ್ದಿತ್ತು."

ನಾನು ತಡವರಿಸುತ್ತ ಬಾಲದ ಕಡೆ ಕೈ ತೋರಿಸಿದೆ. ಅದು ನರಿಗೆ ಇಡುವುದು, ಹೊಸ ಬ್ಯಾಟರಿ ಹಾಕಿ ನೋಡುತ್ತಿದ್ದೆ ಅಂದರು. ಅಷ್ಟು ಅರ್ಥವಾಯಿತು. ಉಳಿದದ್ದು ಮೂಗಿನಲ್ಲಿ ಹೇಳಿದರು, ನಾನು ತಲೆ ಅಲ್ಲಾಡಿಸಿದೆ. ಇವನಿಗೆ ನಿಂಬೆಹಣ್ಣಿಗೂ ಗತಿಯಿಲ್ಲ ಅಂದುಕೊಂಡರೋ ಏನೋ, ಸಂಜೆ ತಮ್ಮ ಮರದ ಹಣ್ಣು ಒಂದು ಬಕೆಟ್ ತಂದುಕೊಟ್ಟರು.

ಹೆಂಡತಿ ಉಪ್ಪಿನಕಾಯಿ ಹಾಕಿ ಜಾಡಿಯ ಬಾಯಿ ಕಟ್ಟುತ್ತ ಅಂದಳು: "ಮುಂದಿನ ಸಲ ಮಾವಿನಕಾಯಿ ನಿವಾಳಿಸಿ ಇಡಿ."

೨. ಹಿತ್ತಿಲ ಬೆರ್ಚಪ್ಪ

ನನ್ನ ಹೆಂಡತಿ ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸು. ಹಿತ್ತಿಲಲ್ಲಿ ಐದು ಕೋಳಿ ಸಾಕಿದಳು. ನಾನು ಮೊಟ್ಟೆಯನ್ನೂ ತಿನ್ನುವವನಲ್ಲ, ಆದರೆ ಕಾಳು ಹಾಕಿದ್ದೇನೆ. ಅವುಗಳಲ್ಲಿ ಮೈತುಂಬ ಬಿಳಿ ಚುಕ್ಕೆಯ ಕೋಳಿಯೊಂದಿದೆ, ಚುಕ್ಕಿ. ಡ್ಯೂಟಿಯಿಂದ ಬಂದವಳು ಮೊದಲು ಮಾತಾಡಿಸುವುದು ಅದನ್ನು, ಆಮೇಲೆ ನನ್ನನ್ನು.

ಹಳ್ಳದ ಕಡೆಯಿಂದ ನರಿ ಬರುತ್ತದೆಂದು ಬೀದಿಯಲ್ಲಿ ಸುದ್ದಿಯಾಯಿತು. ನಮ್ಮೂರಿನ ರಾಗಿ ಹೊಲದಲ್ಲಿ ಕೋಲಿಗೆ ಹಳೇ ಅಂಗಿ ತೊಡಿಸಿ ಮೇಲೆ ಮಡಕೆ ಬೋರಲು ಹಾಕಿ ಬೆರ್ಚಪ್ಪನನ್ನು ನಿಲ್ಲಿಸುತ್ತಿದ್ದೆವು. ಹಂದಿ ಆ ಕಡೆ ತಲೆ ಹಾಕುತ್ತಿರಲಿಲ್ಲ. ಈ ದೇಶದವರು ಅದನ್ನೇ ಬ್ಯಾಟರಿ ಹಾಕಿ ಮಾಡಿದ್ದಾರೆ ಎಂದು ತಿಳಿದು, ಯಜಮಾನರಿಂದ ಬಾಲದ ಪೆಟ್ಟಿಗೆಯನ್ನು ಕೇಳಿ ತಂದು ಕೋಳಿಗೂಡಿನ ಪಕ್ಕದಲ್ಲೇ ನೆಟ್ಟೆ. ದನಿ ಜೋರಾಗಿಟ್ಟೆ. ಸಂಜೆ ದೇವರಿಗೆ ದೀಪ ಹಚ್ಚಿ ಕಿಟಕಿಯಿಂದ ನೋಡುತ್ತೇನೆ, ಒಂದು ನರಿ ಬಾಲದ ಮುಂದೆ ಹರಿಕಥೆ ಕೇಳುವವರ ಹಾಗೆ ಕೂತಿದೆ. ಇನ್ನೊಂದು ಬೇಲಿಯ ಕೆಳಗಿಂದ ನುಸುಳಿ ಬರುತ್ತಿದೆ. ನಾನು ಆರತಿ ತಟ್ಟೆ ಹಿಡಿದೇ ಓಡಿದೆ. ಅಷ್ಟರಲ್ಲಿ ಒಂದು ಕೋಳಿ ಹೋಗಿತ್ತು. ಪುಣ್ಯಕ್ಕೆ ಚುಕ್ಕಿಯಲ್ಲ.

ಮರುದಿನ ಯಜಮಾನರು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಅದಕ್ಕೆ ಡಿಕಾಯ್ ಅನ್ನುತ್ತಾರೆ. ಬೇಟೆಗೆ ಇಡುವ ಸುಳ್ಳು ಪ್ರಾಣಿ. ಕುರಿ ಮರಿಹಾಕುವ ಕಾಲದಲ್ಲಿ ತಮ್ಮನ ಜಮೀನಿಗೆ ನರಿ ಹೊಡೆಯಲು ಹೋಗುವಾಗ ಒಯ್ಯುತ್ತಾರೆ. ಗಾಯಗೊಂಡ ಮೊಲ ಎಂದು ತಿಳಿದು ನರಿ ಹುಡುಕಿಕೊಂಡು ಬರುತ್ತದೆ. ಅದು ಓಡಿಸುವುದಲ್ಲ, ಕರೆಯುವುದು.

"ಓಲಗ ಊದಿಸಿ ನೆಂಟರನ್ನ ಕರೆದಿದ್ದೀರಿ" ಅಂದಳು ಹೆಂಡತಿ. "ಇನ್ನೊಂದು ಕೋಳಿ ನಿಮ್ಮ ಕೈಲಿ ಹೋದರೆ ನಾನು ಸಾಕೋದೇ ಬಿಟ್ಟೆ. ನಿಮ್ಮನ್ನ ನಂಬೋದನ್ನೂ."

ನಾನು ದೇವರ ಮುಂದೆ ನಿಂತು ಮಾತು ಕೊಟ್ಟೆ. ಅವಳು ಅದಕ್ಕೂ ಯಜಮಾನರನ್ನು ಸಾಕ್ಷಿಗೆ ಕರೆಸಿದಳು.

೩. ಸ್ಕೋಫೀಲ್ಡ್ಸಿನ ಗೂಬೆ

ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ನಾದಿನಿಯ ಮನೆಯ ಗೃಹಪ್ರವೇಶ ಬಂತು. ಎರಡು ದಿನ ಕೋಳಿ ನೋಡಿಕೊಳ್ಳಲು ಎದುರು ಮನೆಯವರಿಗೆ ಹೇಳಿ, ಹಿತ್ತಿಲ ಬೀಗದ ಕೈ ಕೊಟ್ಟು ಹೊರಟೆವು.

ಅಲ್ಲಿ ಕಾಕಟೂ ಹಕ್ಕಿಗಳ ಕಾಟ. ಕಿಟಕಿಯ ಮರವನ್ನೆಲ್ಲ ಕಚ್ಚಿ ಹಾಕುತ್ತವೆ. ಅವನ್ನು ಹೆದರಿಸಲೆಂದು ನನ್ನ ಷಡ್ಡಕ ಮಾಡಿನ ಮೇಲೆ ಪ್ಲಾಸ್ಟಿಕ್ ಗೂಬೆ ಕೂರಿಸಿದ್ದ. ಇಂಡಿಯಾದಿಂದ ಬಂದಿದ್ದ ಅವನ ದೊಡ್ಡತ್ತೆ ಕಾರಿನಿಂದ ಇಳಿದವರೇ ಮೇಲೆ ನೋಡಿ ಗೇಟಿನಲ್ಲೇ ನಿಂತುಬಿಟ್ಟರು.

"ಮನೆ ಮೇಲೆ ಗೂಬೆ ಕೂತರೆ ಆರು ತಿಂಗಳು ಮನೆ ಬಿಡಬೇಕು ಕಣೋ."

"ಅದು ಪ್ಲಾಸ್ಟಿಕ್ಕು ಅತ್ತೆ."

"ಪ್ಲಾಸ್ಟಿಕ್ಕಿಂದು ಅಂತ ಬರೆದುಕೊಂಡು ಕೂತಿದೆಯಾ? ಗೂಬೆ ಗೂಬೆಯೇ."

ಅವರ ಮಾತು ನನಗೆ ಸರಿ ಕಂಡಿತು, ಹೇಳಿಯೂ ಹೇಳಿದೆ. ಹೆಂಡತಿ ಜಿಗುಟಿದಳು. ಷಡ್ಡಕ ಏಣಿ ಹಾಕಿ ಹತ್ತಿದ. ಗೂಬೆಯ ತಲೆ ಮೇಲೆ ಒಂದು ಕಾಕಟೂ ಕೂತು ಅದರ ಕಿವಿ ಕಚ್ಚುತ್ತಿತ್ತು. ಕಡೆಗೆ ಪುರೋಹಿತರು ಒಂದು ಸಣ್ಣ ಶಾಂತಿ ಮಾಡಿಸೋಣ ಎಂದರು.

"ಸ್ವಾಮಿ, ಪ್ಲಾಸ್ಟಿಕ್ ಗೂಬೆಗೂ ಶಾಂತಿಯಾ?" ಅಂದ ಷಡ್ಡಕ.

ಪುರೋಹಿತರು ಅವನು ತಟ್ಟೆಗೆ ಹಾಕಿದ್ದ ನೋಟನ್ನು ಎತ್ತಿ ಬೆಳಕಿಗೆ ಹಿಡಿದರು. "ಈ ದೇಶದಲ್ಲಿ ದಕ್ಷಿಣೆನೂ ಪ್ಲಾಸ್ಟಿಕ್ಕಿಂದೇ ಅಲ್ಲವಾ? ನಾನು ಏನಾದ್ರೂ ಕೇಳಿದೆನಾ?"

೪. ಎದುರು ಮನೆಯ ಅಡುಗೆ

ಹೆಂಡತಿ ಮೊದಲೇ ಗೊತ್ತುಮಾಡಿಕೊಂಡಿದ್ದಂತೆ ತಂಗಿಯ ಮನೆಯಲ್ಲಿ ಇನ್ನೊಂದು ವಾರ ಉಳಿದಳು. ಬಸ್ ಓಡಿಸುವುದಿದ್ದುದರಿಂದ ನಾನೊಬ್ಬನೇ ವಾಪಸು ಬಂದೆ. ಹಿತ್ತಿಲಿಗೆ ಹೋಗಿ ನೋಡಿದರೆ ಮೂರು ಕೋಳಿ. ಚುಕ್ಕಿ ಇಲ್ಲ.

ತಂತಿ ಬೇಲಿ ಹಾಗೇ ಇದೆ. ತೂತಿಲ್ಲ, ಹೆಜ್ಜೆಯಿಲ್ಲ, ಒಂದು ಪುಕ್ಕವೂ ಬಿದ್ದಿಲ್ಲ. ಇದು ನರಿಯ ಕೆಲಸವಲ್ಲ. ಬೀಗದ ಕೈ ಇದ್ದದ್ದು ಯಾರ ಹತ್ತಿರ? ನಾನು ನಿಧಾನಿಸಿ ಯೋಚಿಸಿದೆ. ನೇರವಾಗಿ ಕೇಳಿದರೆ ಆ ಮನೆಯ ಹೆಂಗಸು ನನ್ನ ಹೆಂಡತಿಗೆ ಹೇಳಿಬಿಡುತ್ತಾರೆ. ಆದ್ದರಿಂದ ಸುತ್ತು ಹಾಕಿ ಹೋದೆ.

"ನೆನ್ನೆ ನಿಮ್ಮನೇಲಿ ಏನು ಅಡುಗೆ?" ಅಂದೆ.

"ಕೋಳಿ" ಅಂದರು ಯಜಮಾನರು. "ಯಾಕೆ, ನೀನು ತಿನ್ನೋದಿಲ್ಲವಲ್ಲ?"

ಅವರ ಕಣ್ಣಿನಲ್ಲಿ ಏನೋ ಇತ್ತು. ಮಧ್ಯಾಹ್ನ ಅವರು ಹೊರಗೆ ಹೋದದ್ದನ್ನು ನೋಡಿಕೊಂಡು ಅವರ ಕಸದ ಬಿನ್ನಿನ ಮುಚ್ಚಳ ಎತ್ತಿದೆ. ಸೂಪರ್‌ಮಾರ್ಕೆಟ್ಟಿನ ಕೋಳಿಯ ಕವರ್ ಇತ್ತು. ಪುಕ್ಕ ಕೆಳಗೆ ಹುದುಗಿಸಿರಬಹುದೆಂದು ಕೈ ಹಾಕಿದೆ.

"ಏನಾದರೂ ಬೇಕಿತ್ತಾ?" ಹಿಂದೆ ಅವರ ಹೆಂಡತಿ.

"ಇಲ್ಲ, ನಿಮ್ಮ ಮುಚ್ಚಳ ಸರಿಯಾಗಿ ಕೂರುತ್ತಾ ಅಂತ ನೋಡ್ತಿದ್ದೆ."

ಸಂಜೆ ಆ ತಾಯಿ ಒಂದು ಡಬ್ಬಿ ತುಂಬ ಬೇಯಿಸಿದ ತರಕಾರಿ ತಂದುಕೊಟ್ಟರು. ಹೆಂಡತಿ ಊರಲ್ಲಿಲ್ಲದಿದ್ದರೆ ಗಂಡಸರ ಗತಿ ಹೀಗಾಗುತ್ತದೆಂದು ತಮಗೆ ಗೊತ್ತಿರಲಿಲ್ಲ ಅಂದರು.

೫. ಕಾವಿಗೆ ಕೂತ ಕೋಳಿ

ಸಂಜೆ ಆರಕ್ಕೆ ಹೆಂಡತಿಯ ವೀಡಿಯೋ ಕಾಲ್ ಬರುವುದಿತ್ತು. ದೇವರ ಮುಂದೆ ಮಾತು ಕೊಟ್ಟವನು ನಾನು. ಯಜಮಾನರ ಶೆಡ್ಡಿನಲ್ಲಿ ನರಿಗೆ ಇಡುವ ರಬ್ಬರ್ ಕೋಳಿಯೊಂದನ್ನು ಹಿಂದೆ ನೋಡಿದ್ದೆ. ಹೋಗಿ ಕೇಳಿದೆ. ಯಾಕೆ ಏನು ಅನ್ನದೆ ಕೊಟ್ಟರು. ಅದೂ ನನಗೆ ಅನುಮಾನವೇ.

ಬಿಳಿ ಬಣ್ಣ ಸಿಗಲಿಲ್ಲ. ವಿಭೂತಿ ಕಲಸಿ ಚುಕ್ಕೆ ಇಟ್ಟೆ. ಶಿವ ಕ್ಷಮಿಸಲಿ. ಗೂಡಿನ ಮೂಲೆಯಲ್ಲಿ ಹುಲ್ಲಿನ ಮೇಲೆ ಕೂರಿಸಿದೆ.

"ನಾಲ್ಕೂ ತೋರಿಸಿ" ಅಂದಳು. ತೋರಿಸಿದೆ.

"ಚುಕ್ಕಿ ಯಾಕೆ ಅಲ್ಲಾಡ್ತಿಲ್ಲ?"

ನಾನು ಸುಳ್ಳು ಹೇಳುವವನಲ್ಲ. "ಕಾವಿಗೆ ಕೂತ ಹಾಗೆ ಕಾಣುತ್ತೆ" ಅಂದೆ. ಕಾಣುತ್ತಿದ್ದದ್ದೂ ಹಾಗೇ.

ಅವಳು ಮುಖವನ್ನು ಫೋನಿಗೆ ಹತ್ತಿರ ತಂದು ನೋಡಿ, "ಒಳ್ಳೇದಾಯಿತು ಬಿಡಿ" ಅಂದಳು.

ಮರುದಿನ ಆರಕ್ಕೆ ಮತ್ತೆ. "ಕಾವಿಗೆ ಕೂತ ಕೋಳಿ ನೀರು ಕುಡಿಯೋದನ್ನೇ ಮರೆಯುತ್ತೆ. ಬಟ್ಟಲಲ್ಲಿ ತಗೊಂಡು ಕೊಕ್ಕಿಗೆ ಹಿಡೀರಿ." ಫೋನನ್ನು ಬೇಲಿಗೆ ಸಿಕ್ಕಿಸಿ, ಮಂಡಿಯೂರಿ ಐದು ನಿಮಿಷ ಹಿಡಿದೆ. "ಕುಡೀತಾ?" ಅಂದಳು. "ಬಟ್ಟಲು ಖಾಲಿಯಾಯಿತು" ಅಂದೆ. ನೀರೆಲ್ಲ ನನ್ನ ಪಂಚೆಯ ಮೇಲಿತ್ತು.

ಮೂರನೆಯ ದಿನ ಬೆನ್ನು ಸವರಲು ಹೇಳಿದಳು, ಸವರಿದೆ. ನಾಲ್ಕನೆಯ ದಿನ, "ಅದಕ್ಕೆ ಬೇಜಾರಾಗಿರುತ್ತೆ, ಎರಡು ಒಳ್ಳೇ ಮಾತಾಡಿ" ಅಂದಳು. "ಧೈರ್ಯವಾಗಿರಮ್ಮ, ಅವಳು ಶನಿವಾರ ಬರ್ತಾಳೆ" ಅಂದೆ. ಈ ಮಾತು ನನಗೆ ನಾನೇ ಹೇಳಿಕೊಂಡದ್ದು. ಆ ಕಡೆಯಿಂದ ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡ ಹಾಗೆ ಸದ್ದು ಬಂತು. ತಂಗಿಗೆ ಕೆಮ್ಮು ಅಂದಳು. ಮೆಣಸಿನ ಕಷಾಯ ಮಾಡಿಕೊಡು ಅಂದೆ.

ಶನಿವಾರ ಟ್ಯಾಕ್ಸಿಯಿಂದ ಇಳಿದವಳು ಮನೆಯೊಳಗೆ ಬರಲಿಲ್ಲ. ಸೀದಾ ಎದುರು ಮನೆಗೆ ಹೋದಳು. ಬರುವಾಗ ಕಂಕುಳಲ್ಲಿ ಚುಕ್ಕಿ.

ನಾನು ಅದರ ಚುಕ್ಕೆಯೊಂದನ್ನು ಬೆರಳಿನಿಂದ ಉಜ್ಜಿ ನೋಡಿದೆ, ಅಳಿಸಲಿಲ್ಲ.

"ಹೊರಡೋ ದಿನವೇ ಅವರ ಲಾಂಡ್ರಿ ರೂಮಲ್ಲಿ ಬಿಟ್ಟು ಹೋಗಿದ್ದೆ" ಅಂದಳು. "ಬಾಯಿಬಿಡಬೇಡಿ ಅಂತ ಇಬ್ಬರಿಗೂ ಹೇಳಿದ್ದೆ. ವಾಪಸು ಬರೋದು ನೀವೊಬ್ಬರೇ. ನಿಮ್ಮನ್ನ ನಂಬಿ ಇದನ್ನ ಹೇಗೆ ಬಿಡಲಿ?"

"ಹಾಗಾದರೆ ನಿನಗೆ ಮೊದಲ ದಿನವೇ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ನೀರು ಕುಡಿಸಿ ಅಂದದ್ದು?"

"ಅದು ನಾನಲ್ಲ, ನಿಮ್ಮ ಷಡ್ಡಕರು ಹೇಳಿಕೊಟ್ಟದ್ದು. ಎಂದೂ ಎಂಟಕ್ಕೆ ಮುಂಚೆ ಮನೆ ಸೇರದವರು ಈ ವಾರ ಆರಕ್ಕೆಲ್ಲ ಬಂದು ಕೂರ್ತಿದ್ರು."

"ದೊಡ್ಡತ್ತೆಯವರೂ ನೋಡಿದರಾ?"

"ದಿನಾ ನೋಡಿದರು. ಪಾಪ, ಅವರಿಗೆ ಮಾತ್ರ ಯಾರೂ ನಿಜ ಹೇಳಿಲ್ಲ. ಇಪ್ಪತ್ತೊಂದು ದಿನ ಲೆಕ್ಕ ಹಾಕಿ ಇಂಡಿಯಾ ಟಿಕೆಟ್ ಮುಂದಕ್ಕೆ ಹಾಕಿಸಿದಾರೆ. ಮರಿ ನೋಡಿಕೊಂಡೇ ಹೋಗ್ತಾರಂತೆ."