ಸಾವ್ಕಾರರ ರಿವಾಲ್ವರಿಗೆ ಒಂದು ಮೆತ್ತನ್ನ ಚೀಲ

ಜಮಖಂಡಿ ಬಜಾರಿನಲ್ಲಿ ಅಂಗಡಿಗಳಿಗೇನೂ ಕಡಿಮೆಯಿಲ್ಲ. ಆದರೂ ಊರ ಸುತ್ತಲಿನ ವಿಚಿತ್ರಗಳೆಲ್ಲ ಹುಡುಕಿಕೊಂಡು ನನ್ನ ಅಂಗಡಿಯ ಮೆಟ್ಟಿಲನ್ನೇ ಯಾಕೆ ಹತ್ತುತ್ತವೋ ತಿಳಿಯದು. ನಾನು ಹೊಲಿಯುವುದು ಕ್ಯಾನ್ವಾಸ್ ಚೀಲ. ಸಾಲಿ ಚೀಲ, ಬುತ್ತಿ ಚೀಲ, ಹಾರ್ಮೋನಿಯಂ ಗವಸು, ಟ್ರ್ಯಾಕ್ಟರ್ ಸೀಟಿನ ಗವಸು. ಒಮ್ಮೆ ಒಬ್ಬರು ತಮ್ಮ ಆಡಿಗೆ ಮಳೆಯಂಗಿ ಹೊಲಿಸಿಕೊಂಡು ಹೋದರು. ಮರುದಿನ ಆಡನ್ನೇ ಕರೆತಂದು, "ಕೊರಳಾಗ ಬಿಗಿ ಆಗೇತಿ ಅಂತೈತಿ" ಎಂದರು.

ನಾನು ತೇರದಾಳ ಕಡೆಯ ಜೈನ. ಚರ್ಮ ಮುಟ್ಟುವುದಿಲ್ಲ, ನೀರು ಸೋಸದೆ ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಅನ್ನ ತಿನ್ನುವುದಿಲ್ಲ. ಸೂಜಿಗೆ ದಾರ ಪೋಣಿಸುವ ಮುಂಚೆ ಣಮೋಕಾರ ಮಂತ್ರ ಹೇಳುತ್ತೇನೆ. ಇರುವೆ ಸಾಲು ಕಂಡರೆ ಹೊಲಿಗೆ ಯಂತ್ರದ ಕಾಲೊತ್ತುವುದನ್ನೇ ನಿಲ್ಲಿಸುತ್ತೇನೆ. ಇಂಥವನ ಮುಂದೆ ಒಂದು ದಿನ ಸಾವಳಗಿಯ ಸಾವ್ಕಾರರು ಬಂದು, ಕಟಿಂಗ್ ಟೇಬಲ್ಲಿನ ಮೇಲೆ ರಿವಾಲ್ವರ್ ಇಟ್ಟರು.

ಮೊದಲು ಸೊಂಟ

ಸಾವ್ಕಾರರದು ಬೆಲ್ಲದ ಗಾಣ. ತಮ್ಮ ಜೀವಕ್ಕೆ ಅಪಾಯವಿದೆ ಎಂದು ಬರೆದುಕೊಟ್ಟು, ಏಳು ವರ್ಷ ಕಚೇರಿ ಸುತ್ತಿ ಲೈಸನ್ಸ್ ತಂದಿದ್ದರು. ನನಗೆ ತಿಳಿದ ಮಟ್ಟಿಗೆ ಅವರ ಮೇಲೆ ಕಣ್ಣಿಟ್ಟ ವೈರಿಗಳೆಂದರೆ ಬೆಲ್ಲಕ್ಕೆ ಮುತ್ತುವ ಕಡಜಗಳು ಮಾತ್ರ.

"ಟೇಲರ್ರ, ಚರ್ಮದ ಚೀಲ ತಂದಿದ್ದೆ. ಬ್ಯಾಸಗ್ಯಾಗ ಸೊಂಟದ ತುಂಬ ಬೆವರಸಾಲಿ ಎದ್ದಾವು. ಅರಿವ್ಯಾಗ ಮೆತ್ತಗ ಒಂದು ಹೊಲ್ದು ಕೊಡ್ರಿ. ಮೈಮ್ಯಾಲ ಐತೋ ಇಲ್ಲೋ ಗೊತ್ತಾಗಬಾರ್ದು."

"ಹಂಗಾರ ಮನ್ಯಾಗ ಬಿಟ್ಟು ಬರ್ರಿ. ಒಟ್ಟ ಗೊತ್ತಾಗಂಗಿಲ್ಲ" ಎಂದೆ.

ಸಾವ್ಕಾರರು ನಗಲಿಲ್ಲ. ರಿವಾಲ್ವರ್ ಇದ್ದವರಿಗೆ ನಗು ಸ್ವಲ್ಪ ತಡವಾಗಿ ಬರುತ್ತದೆ.

"ಗುಂಡು ಅದಾವೇನ್ರಿ ಇದರಾಗ?" ಎಂದು ದೂರ ಸರಿದು ಕೇಳಿದೆ.

ಅವರ ದನಿ ಇಳಿಯಿತು. "ಗುಂಡು ಮನಿಯಾಕಿ ಟ್ರಂಕಿನ್ಯಾಗ ಅದಾವು. ಕೀಲಿ ಆಕಿ ಉಡಿಯಾಗ ಐತಿ."

ಅಂದರೆ ಏಳು ವರ್ಷದ ತಪಸ್ಸಿಗೆ ಅವರಿಗೆ ದಕ್ಕಿದ್ದು ಒಂದು ತುಂಡು ಕಬ್ಬಿಣ.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಬಸದಿಗೆ ಬಂದಿದ್ದ ಮುನಿ ಮಹಾರಾಜರ ಮುಂದೆ ಕೈಮುಗಿದು, ಹಿಂಸೆಯ ಸಾಮಾನಿಗೆ ನಾನು ಅಂಗಿ ಹೊಲಿಯಬಹುದೇ ಎಂದು ಕೇಳಿದೆ. ಅಂದು ಮಹಾರಾಜರದು ಮೌನವ್ರತ. ನನಗೆ ಬೇಕಾದ ಉತ್ತರವನ್ನು ನಾನೇ ತೆಗೆದುಕೊಂಡು ಎದ್ದು ಬಂದೆ. ಚೀಲ ಇರುವುದು ಸಾಮಾನು ಒಳಗಿಡಲು, ಹೊರಗೆ ತೆಗೆಯಲು ಅಲ್ಲವಲ್ಲ? ಪ್ರತಿ ಹೊಲಿಗೆಗೂ ಒಂದೇ ಬೇಡಿಕೊಂಡೆ: 'ಭಗವಾನ್, ಇದರೊಳಗೆ ಹೋದದ್ದು ಎಂದೂ ಹೊರಗೆ ಬಾರದಿರಲಿ.' ನಮ್ಮ ಭಗವಾನರು ವೀತರಾಗಿಗಳು, ಬೇಡಿದ್ದನ್ನು ಕೊಡುವವರಲ್ಲ. ಗೊತ್ತಿದ್ದೂ ಬೇಡುವ ಚಟ ನಮ್ಮದು.

ವಾರದ ಮೇಲೆ ಸಾವ್ಕಾರರು ವಾಪಸ್ ಬಂದರು. ನಿಂತರೆ ಹೊಟ್ಟೆ ಜೋತು ಬಿದ್ದು ಚೀಲ ಮುಚ್ಚಿಹೋಗುತ್ತದೆ. ಜೀಪಿನಲ್ಲಿ ಕುಳಿತರೆ ಅದರ ಹಿಡಿ ಪಕ್ಕೆಗೆ ತಿವಿಯುತ್ತದೆ.

"ಈಗ ಕಳ್ಳ ಬಂದಾನ ಅನ್ರಿ. ತಗದು ತೋರಸ್ರಿ" ಎಂದೆ.

ಸಾವ್ಕಾರರು ಎಡಗೈಯಿಂದ ಹೊಟ್ಟೆ ಎತ್ತಿ ಹಿಡಿದರು. ಬಲಗೈ ಒಳಗೆ ಹೋಗಿ ಹುಡುಕತೊಡಗಿತು. ಧೋತರದ ಕಚ್ಚೆ ಸಡಿಲಾಯಿತು. ಅದನ್ನು ಹಿಡಿಯಲು ಹೊಟ್ಟೆ ಬಿಟ್ಟರು. ಕೈ ಒಳಗೇ ಸಿಕ್ಕಿಕೊಂಡಿತು.

"ಅಷ್ಟೊತ್ತನಕ ಕಳ್ಳ ನಿಂದರಬೇಕಲ್ರಿ?"

"ಪಿಸ್ತೂಲ ನೋಡಿದ ಕೂಡ್ಲೇ ನಿಂದರ್ತಾನ."

"ಅವ ನೋಡಬೇಕಂದ್ರ ಮೊದಲ ನಿಮಗ ಸಿಗಬೇಕಲ್ರಿ."

ಆಮೇಲೆ ಕಂಕುಳ

ಎರಡನೆಯದು ಹೆಗಲಿಗೆ ಪಟ್ಟಿ ಹಾಕಿ ಕಂಕುಳಲ್ಲಿ ತೂಗುಬಿಡುವ ಚೀಲ. ಅದರ ಚಿತ್ರವನ್ನು ಸಾವ್ಕಾರರೇ ಮೊಬೈಲಿನಲ್ಲಿ ತೋರಿಸಿದರು. ಚಿತ್ರದಲ್ಲಿದ್ದವನಿಗೆ ಹೊಟ್ಟೆ ಇರಲಿಲ್ಲ, ಕೋಟು ಇತ್ತು. ನಮ್ಮವರಿಗೆ ಕೋಟು ಇರಲಿಲ್ಲ. ಉಳಿದದ್ದು ಓದುಗರಿಗೆ ಬಿಟ್ಟದ್ದು.

ಅದನ್ನು ತೊಟ್ಟುಕೊಂಡು ಮುಧೋಳಕ್ಕೆ ಮದುವೆಗೆ ಹೋದರು. ಎಡಗೈ ಕೆಳಗಿಳಿಯಲಿಲ್ಲ. ಒಂದೇ ರೆಕ್ಕೆ ಬಿಚ್ಚಿದ ಕೋಳಿಯಂತೆ ಮಂಟಪದ ತುಂಬ ತಿರುಗಾಡಿದರಂತೆ. ಅಕ್ಕಿಕಾಳು ಬಿದ್ದವು, ಬೀಗರು ಬೀಗರನ್ನು ಅಪ್ಪಿಕೊಳ್ಳುವ ಹೊತ್ತು ಬಂತು. ಗಂಡಿನ ಕಡೆಯ ಹಿರಿಯರೊಬ್ಬರು ಬಂದು ಸಾವ್ಕಾರರನ್ನು ಗಟ್ಟಿಯಾಗಿ ಅಪ್ಪಿಕೊಂಡು, ಗಕ್ಕನೆ ನಿಂತು, ಕಿವಿಯಲ್ಲಿ ಕೇಳಿದರು:

"ಸಾವ್ಕಾರ್ರ, ಬಗಲಾಗ ಏನೋ ಗಟ್ಟಿ ಹತ್ತತೈತಲ್ರಿ?"

ಸಾವ್ಕಾರರು ಏಳು ವರ್ಷ ಕಾದದ್ದೇ ಈ ಪ್ರಶ್ನೆಗೆ. ಮೀಸೆ ತೀಡಿ, "ಅದs ರಿ. ನಮ್ಮಂಥವ್ರು ಜೋಡಿ ಇಟ್ಕೊಂಡs ತಿರಗಬೇಕಾಕ್ಕೈತಿ" ಎಂದರು.

ಹಿರಿಯರ ಮುಖ ಅರಳಿತು. "ಹೊರಗ ತಗೀಬ್ಯಾಡ್ರಿ, ಹೆಣ್ಮಕ್ಕಳು ಅದಾರ. ಊಟ ಆದಮ್ಯಾಲ ಹಿಂದಿನ ಗೋಡೌನಿಗೆ ಬರ್ರಿ. ಸೋಡಾ, ಶೇಂಗಾ ಎಲ್ಲಾ ನಾ ತರಸ್ತೀನಿ."

ಅದೂ ಆಗದೆ ಕಾಲು

ಮೂರನೆಯದು ಕಾಲಿಗೆ, ಹಿಮ್ಮಡದ ಮೇಲೆ ಕಟ್ಟುವಂಥದು. ಧೋತರದೊಳಗೆ ಯಾರಿಗೂ ಕಾಣುವುದಿಲ್ಲ ಎಂದು ಸಾವ್ಕಾರರ ಲೆಕ್ಕ. ಆದರೆ ಬೀಳಗಿ ಕಡೆಯ ಅನಗವಾಡಿಯಲ್ಲಿ ಯಾರದೋ ಮನೆಯ ಊಟಕ್ಕೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲು ಹೋದರು ನೋಡಿ, ಬಲಗಾಲು ಮಡಚಲು ಬರಲೇ ಇಲ್ಲ. ಪಕ್ಕದವರ ಎಲೆಯ ತನಕ ಅದನ್ನು ಚಾಚಿ ಕೂತರು. ಧೋತರದೊಳಗೆ ಕುಂಬಳಕಾಯಿಯಂಥ ಬಾವು.

ಬಡಿಸುತ್ತಿದ್ದ ಅಜ್ಜಿ ಹೋಳಿಗೆಯ ಬುಟ್ಟಿ ಕೆಳಗಿಟ್ಟು, "ಅಯ್ಯ ನನ್ನಪ್ಪಾ, ಆನಿಕಾಲು ಬಂತೇನೋ!" ಎಂದು ಕಣ್ಣೀರು ತೆಗೆದಳಂತೆ. ಅಷ್ಟೇ ಸಾಕಾಯಿತು. ಒಬ್ಬರು ಎಣ್ಣೆ ತಂದರು, ಒಬ್ಬರು ಎಕ್ಕೆಯೆಲೆ ತಂದರು, ಮತ್ತೊಬ್ಬರು ತಾಯತ ಕಟ್ಟಿಯೇ ಬಿಟ್ಟರು. ಅದು ರಿವಾಲ್ವರ್ ಎಂದರೆ ಗುಟ್ಟು ಹೋಗುತ್ತದೆ, ಸುಮ್ಮನಿದ್ದರೆ ಮಾನ ಹೋಗುತ್ತದೆ. ಸಾವ್ಕಾರರು ಧೋತರ ಬಿಗಿಹಿಡಿದು, ಪಾದಕ್ಕಷ್ಟೇ ಎಣ್ಣೆ ಹಚ್ಚಿಸಿಕೊಂಡು ಬಂದರು.

ಆಗಲಾದರೂ ಬುದ್ಧಿ ಬಂದಿರಬೇಕು ಎಂದು ಖುಷಿಯಿಂದ, "ಬಿಚ್ಚಿ ಇಡೂಣೇನ್ರಿ ಹಂಗಾರ?" ಎಂದೆ.

"ಏ, ಬ್ಯಾಡ್ರಿ. ಎಡಗಾಲಿಗೂ ಒಂದು ಖಾಲಿ ಚೀಲ ಹೊಲ್ದು ಬಿಡ್ರಿ. ಎರಡೂ ಕಾಲು ಒಂದs ಸಮ ಕಂಡ್ರ ಮಂದಿ ಸುಮ್ಮ ಇರ್ತಾರ."

ಕಡೆಗೆ ಬೆನ್ನು

ನಾಲ್ಕನೆಯ ಸಲ ಜೊತೆಗೆ ಅವರ ಮನೆಯವರೂ ಬಂದಿದ್ದರು. ರಬಕವಿಯ ನೇಕಾರರ ಮನೆಯ ಮಗಳು, ಮಾತು ಕಡಿಮೆ. ಸಾವ್ಕಾರರು ಚಹಾ ಹೇಳಿ ಬರಲು ಹೊರಗೆ ಹೋದಾಗ ಆ ಅಕ್ಕಾರ್ ಬಾಯಿ ಬಿಟ್ಟರು.

"ಅಣ್ಣಾರ, ನನಗ ಜೀವದಾಗ ಜೀವಿಲ್ರಿ. ಮಾತಿಗೊಮ್ಮೆ ಇವರ ಕೈ ಅದರ ಮ್ಯಾಲ ಹೋಕ್ಕೈತಿ. ಮೊನ್ನೆ ಹಾಲಿನವನ ಜೋಡಿ ನೀರಿನ ಸಲುವಾಗಿ ಜಗಳಾತು. ಅಷ್ಟಕ್ಕs ತಗದು ತೋರಿಸಿದ್ರು. ಗುಂಡಿಲ್ಲ ಅನ್ನೂದು ನನಗ ಗೊತ್ತು. ಹಾಲಿನವಗೇನ್ ಗೊತ್ತು? ಕ್ಯಾನ್ ಬಿಟ್ಟು ಓಡಿದಾಂವ ಇನ್ನೂ ಬಂದಿಲ್ಲ. ನಾಳೆ ಎದುರಿನಾಂವ ಓಡದ ಕಲ್ಲು ತಗೊಂಡ್ರ? ಅದು ಹೊರಗ ಬರದಂಗ ಏನರ ಮಾಡ್ರಿ."

"ನಾನೂ ಅದನ್ನs ಬೇಡ್ಕೋತ ಹೊಲ್ಯಾಕತ್ತೇನ್ರಿ ಅಕ್ಕಾರ" ಎಂದೆ.

ಈ ಸಲದ್ದು ಬೆನ್ನ ಹಿಂದೆ, ನಡುವಿನ ಪಟ್ಟಿಗೆ ಸೇರಿಸುವ ಚೀಲ. ಬನಹಟ್ಟಿ ಮಗ್ಗದಿಂದ ಆಗಷ್ಟೇ ಬಂದ, ಗಂಜಿ ಬಿಡದ ದಪ್ಪ ಬಟ್ಟೆ ಇತ್ತು. ಅಂಥ ಬಟ್ಟೆ ಮೊದಲ ನೀರಿಗೆ ಚುಂಗಿ ಗಿಡ್ಡಾಗುತ್ತದೆ. ಅದಕ್ಕೇ ಒಂದು ರಾತ್ರಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿ ಹಾಕುವುದು ನಮ್ಮ ಪದ್ಧತಿ. ಸಾವ್ಕಾರರು ಕೇಳಬೇಕಲ್ಲ? "ಈಗಿಂದೀಗs ಬೇಕು" ಎಂದು ಎದುರಿಗೇ ಕುಳಿತರು. ಅವರ ಅವಸರಕ್ಕೆ ನನ್ನ ಪದ್ಧತಿ ಸೋತಿತು. ರಿವಾಲ್ವರಿಗೆ ಸರಿಯಾಗಿ, ಕೂದಲೆಳೆ ಜಾಗ ಬಿಡದಂತೆ, ಇಮ್ಮಡಿ ಹೊಲಿಗೆ ಹಾಕಿ ಕೊಟ್ಟೆ.

ಅಕ್ಕಾರ್ ಚೀಲದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು.

"ಅಣ್ಣಾರ, ತೊಯ್ಸಿ ಹೊಲದೀರೇನ್ರಿ?"

ಸುಳ್ಳು ಹೇಳುವ ಹಾಗಿಲ್ಲ. "ಇಲ್ರಿ ಅಕ್ಕಾರ, ಇವ್ರು ಬಿಡ್ಲಿಲ್ಲ. ಅಪ್ಪಿತಪ್ಪಿ ನೀರು ತಾಗಸ್ಬ್ಯಾಡ್ರಿ ಮತ್ತ."

"ಹೌದಲ್ಲಾ" ಎಂದು ಸೆರಗು ಸರಿಮಾಡಿಕೊಂಡರು.

ಸಾವ್ಕಾರರಿಗೆ ಮಾತ್ರ ಸ್ವರ್ಗವೇ ಸಿಕ್ಕಿತು. ಕುಳಿತರೂ ಸರಿ, ನಿಂತರೂ ಸರಿ, ಊಟಕ್ಕೂ ಸರಿ. ಮರುದಿನ ಸಾವಳಗಿಯಿಂದ ಫೋನು ಬಂತು. "ಟೇಲರ್ರ, ನಿಮ್ಮ ಕೈಗೆ ಶರಣ್ರಿ! ಇದ್ದದ್ದs ಗೊತ್ತಾಗವಲ್ದು. ನಿನ್ನಿ ಪಿಸ್ತೂಲ ಕಳೀತು ಅಂತ ಎರಡು ತಾಸು ಮನಿಯೆಲ್ಲಾ ಹುಡುಕೀನಿ. ನೋಡಿದ್ರ ಬೆನ್ನಾಗ ಐತಿ!"

"ಅಕ್ಕಾರೂ ನೋಡ್ಲಿಲ್ಲೇನ್ರಿ?"

"ಆಕಿ ನನ್ನ ಹಿಂದs ನಿಂತು ನೋಡಾಕತ್ತಿದ್ಲು. ಯಾಕ ಹೇಳ್ಲಿಲ್ಲ ಅಂದ್ರ, ನೀವು ಕೆಳಗ ಬಗ್ಗಿ ಮಂಚದ ಅಡಿ ಕಸಾ ತಗದು ವರ್ಷಗಟ್ಲೆ ಆಗಿತ್ತು ಅಂದ್ಲು."

ಠಾಣೆಯಲ್ಲಿ

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸನ್ಸಿನ ಬಂದೂಕು, ರಿವಾಲ್ವರುಗಳನ್ನೆಲ್ಲ ಠಾಣೆಯಲ್ಲಿ ಜಮಾ ಮಾಡಬೇಕು. ಗೊತ್ತುಮಾಡಿದ ದಿನದ ಸಂಜೆ ಐದರೊಳಗೆ ತರದಿದ್ದರೆ ಲೈಸನ್ಸ್ ರದ್ದು. ಸಾವ್ಕಾರರು ಎಲ್ಲವನ್ನೂ ಕಡೆಯ ದಿನಕ್ಕೇ ಇಟ್ಟುಕೊಳ್ಳುವವರು.

ಆ ಕಡೆಯ ದಿನ ಮುಂಜಾನೆ ಊರಲ್ಲಿ ಒಂದು ಸಾವು. ಸಾವ್ಕಾರರು ಬೆನ್ನಿಗೆ ಚೀಲ ಕಟ್ಟಿಕೊಂಡೇ ಮಣ್ಣಿಗೆ ಹೋದರು. ಮಣ್ಣಿಗೆ ಹೋಗಿ ಬಂದವರು ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ನೀರು ಹಾಕಿಸಿಕೊಂಡು ಒಳಗೆ ಬರಬೇಕಲ್ಲ? ಅಕ್ಕಾರ್ ಬಾಗಿಲಲ್ಲೇ ಎರಡು ಕೊಡ ನೀರು ಹಿಡಿದು ನಿಂತಿದ್ದರು.

"ಏ, ತಡಿ ತಡಿ! ಬೆನ್ನಾಗ ಪಿಸ್ತೂಲ ಐತಿ!"

"ಅದೂ ಮಣ್ಣಿಗೆ ಹೋಗಿ ಬಂದೈತಲ್ರಿ. ಅದಕ್ಕೂ ಜಳಕ ಆಗಬೇಕು" ಎಂದು ಎರಡೂ ಕೊಡ ಸುರಿದರು.

ಚೀಲ ಚುಂಗಿತು. ಸಾವ್ಕಾರರು ಎಳೆದರು, ಬರಲಿಲ್ಲ. ಒಣಗಿದರೆ ಸಡಿಲಾದೀತೆಂದು ಮಾಳಿಗೆಯ ಬಿಸಿಲಿಗಿಟ್ಟರು. ಗಂಜಿ ಬಿಡದ ಬನಹಟ್ಟಿ ಬಟ್ಟೆ ನಮ್ಮ ಬಿಸಿಲಿಗೆ ಒಣಗಿ ಕಟ್ಟಿಗೆಯಾಯಿತು.

ನಾಲ್ಕೂವರೆಗೆ ನನಗೆ ನಮ್ಮ ಜಮಖಂಡಿ ಠಾಣೆಯಿಂದ ಕರೆ. ಹೆದರಿ, ಕತ್ತರಿ ಹಿಡಿದುಕೊಂಡೇ ಓಡಿದೆ. ಒಳಗೆ ನೋಡಿದರೆ ಒಬ್ಬ ಪೊಲೀಸಪ್ಪ ಚೀಲ ಹಿಡಿದಿದ್ದಾನೆ, ಇನ್ನೊಬ್ಬ ಹಿಡಿ ಹಿಡಿದಿದ್ದಾನೆ, ಇಬ್ಬರೂ ಹಗ್ಗ ಜಗ್ಗುವವರಂತೆ ಜಗ್ಗುತ್ತಿದ್ದಾರೆ. ಸಾವ್ಕಾರರು ಗಡಿಯಾರ ನೋಡುತ್ತ ಬೆವರುತ್ತಿದ್ದಾರೆ. ಅಕ್ಕಾರ್ ಬೆಂಚಿನ ಮೇಲೆ ಶಾಂತವಾಗಿ ಕುಳಿತಿದ್ದಾರೆ.

"ಸಾಹೇಬ್ರ, ಚೀಲ ಸಮೇತ ಇಟ್ಕೊಂಡು ಬಿಡ್ರಿ" ಎಂದು ಸಾವ್ಕಾರರು ಕೈಮುಗಿದರು.

ಠಾಣೆಯ ಸಾಹೇಬರು ಪುಸ್ತಕ ತೋರಿಸಿದರು. "ಇದರಾಗ ನಂಬರ್ ಬರೀಬೇಕ್ರಿ. ನಂಬರ್ ಒಳಗೈತಿ. ನನಗ ಕಾಣೂದು ಚೀಲ ಅಷ್ಟ. ಚೀಲಕ್ಕ ನಿಮ್ಮ ಕಡೆ ಲೈಸನ್ಸ್ ಐತೇನು?" ಆಮೇಲೆ ನನ್ನ ಕಡೆ ತಿರುಗಿದರು. "ಹೊಲದಾಂವ ನೀನs ಏನಪಾ? ಇಂಥಾ ಹೊಲಿಗಿ ಯಾಂವ ಕಲಿಸಿದ?"

ನನ್ನ ಪ್ರಾರ್ಥನೆಯ ಸುದ್ದಿ ಅಲ್ಲಿ ಎತ್ತಲಿಲ್ಲ. ನೆಲದ ಮೇಲೆ ಕುಳಿತು ಬಿಚ್ಚತೊಡಗಿದೆ. ಕತ್ತರಿ ಒಳಗೆ ಹೋಗುವಷ್ಟೂ ಜಾಗವಿಲ್ಲ. ಒಂದೊಂದೇ ಎಳೆ ಸೂಜಿಯಿಂದ ಎತ್ತಬೇಕು, ಅದೂ ಇಮ್ಮಡಿ ಹೊಲಿಗೆ. 'ಎಂದೂ ಹೊರಗೆ ಬಾರದಿರಲಿ' ಎಂದು ಹಾಕಿದ ಹೊಲಿಗೆಗಳನ್ನು 'ಇದೊಂದು ಸಲ ಬರಲಿ ಭಗವಾನ್' ಎಂದು ಬಿಚ್ಚಿದೆ. ಐದಕ್ಕೆ ಎರಡು ನಿಮಿಷ ಇರುವಾಗ ರಿವಾಲ್ವರ್ ಹೊರಗೆ ಬಂತು. ಸಾಹೇಬರು ನಂಬರ್ ಬರೆದರು. ಏಳು ವರ್ಷದ ಲೈಸನ್ಸ್ ಉಳಿಯಿತು. ಸಾವ್ಕಾರರು ನನ್ನನ್ನು ಅಪ್ಪಿಕೊಂಡರು. ಕಂಕುಳಲ್ಲಿ ಏನೂ ಹತ್ತಲಿಲ್ಲ.

ನಾನು ಎದ್ದೆ. ಸಾಹೇಬರು ಕೂರಿಸಿದರು. ಚೀಲ ಹರಿದದ್ದಕ್ಕೆ ಒಂದು ಹೇಳಿಕೆ, ಅದಕ್ಕೊಂದು ಸಾಕ್ಷಿ, ಸಾಕ್ಷಿಗೊಂದು ಸಹಿ. ಬರೆಯುವ ಪೊಲೀಸಪ್ಪ ಒಂದೊಂದು ಅಕ್ಷರವನ್ನೂ ಮುನಿಗಳು ಹೆಜ್ಜೆಯಿಡುವಂತೆ ನೋಡಿ ನೋಡಿ ಇಟ್ಟ. ಹೊರಗೆ ಬಂದಾಗ ಹೊತ್ತು ಮುಳುಗಿತ್ತು. ಮನೆಯಲ್ಲಿ ರೊಟ್ಟಿ, ಝುಣಕ ಕಾಯುತ್ತಿದ್ದವು, ನನಗೆ ಮುಟ್ಟುವ ಹಾಗಿರಲಿಲ್ಲ. ಸಾವ್ಕಾರರ ರಿವಾಲ್ವರಿನಿಂದ ಇವತ್ತಿನ ತನಕ ಯಾರ ಹೊಟ್ಟೆಗಾದರೂ ಪೆಟ್ಟು ಬಿದ್ದಿದ್ದರೆ ಅದು ನನ್ನದೊಂದಕ್ಕೇ.

ಸಾವ್ಕಾರರು ಜೀಪು ತಿರುಗಿಸುತ್ತಿದ್ದರು. ಅಕ್ಕಾರ್ ಹತ್ತಿರ ಬಂದರು.

"ತಪ್ಪಾತ್ರಿ ಅಕ್ಕಾರ, ಬಟ್ಟಿ ತೊಯ್ಸದ ಹೊಲದ್ದು ನನ್ನ ತಪ್ಪು" ಎಂದೆ. "ಎಲೆಕ್ಷನ್ ಮುಗದು ಅದು ವಾಪಸ್ ಬರೂದ್ರೊಳಗ, ಎರಡು ದಿನ ನೆನೆಸಿ ಛಲೋದೊಂದು ಹೊಲ್ದು ಇಟ್ಟಿರ್ತೀನಿ."

ಅಕ್ಕಾರ್ ಜೀಪಿನ ಕಡೆ ಒಮ್ಮೆ ನೋಡಿ, ದನಿ ಇಳಿಸಿದರು.

"ಬ್ಯಾಡ್ರಿ ಅಣ್ಣಾರ. ಆ ಬಟ್ಟೀಲೇನs, ಅಷ್ಟs ಬಿಗಿ ಹೊಲ್ದು ಕೊಡ್ರಿ. ನೀರು ನಾ ಹಾಕ್ತೀನಿ."