ಹುಣಸೆ ಸಿಪ್ಪೆಯ ಸದ್ದು

ನನ್ನ ಸೋದರಮಾವನ ಜೊತೆ ಒಮ್ಮೆ ಸಿನಿಮಾಕ್ಕೆ ಹೋದವರು ಎರಡನೇ ಸಲ ಹೋದದ್ದಿಲ್ಲ, ನನ್ನೊಬ್ಬನನ್ನು ಬಿಟ್ಟು. ನಾನು ಹೋಗುವುದೂ ಅತ್ತೆಯ ಸೊಪ್ಪಿನ ಸಾರಿನ ಮುಲಾಜಿಗೆ!

ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದವರೇ ಮಾವ ಒಂದು ನೋಟ್‌ಬುಕ್ ತೆಗೆಯುತ್ತಾರೆ. ಅದರ ತುಂಬ ಸಿನಿಮಾದವರ ಇಂಗ್ಲಿಷ್ ಮಾತುಗಳು. ಅರ್ಥ ಯಾರೋ ಹೇಳಿದರೆ ಸಾಲದು. ಮನೆಯಲ್ಲಿ ಪ್ರಯೋಗ ಮಾಡಿ ನೋಡಿದ ಮೇಲೆಯೇ ಪಕ್ಕದಲ್ಲಿ ರೈಟ್ ಗುರುತು. ‘ಕ್ಲಿಫ್‌ಹ್ಯಾಂಗರ್’ ಎಂದರೆ ಕಥೆಯನ್ನು ಕುತೂಹಲದ ತುದಿಯಲ್ಲಿ ನಿಲ್ಲಿಸುವುದು ಎಂದು ತಿಳಿದ ದಿನ, ಕಾರ್ಖಾನೆಯ ಜಗಳವೊಂದನ್ನು ಊಟಕ್ಕೆ ಕೂತು ವರ್ಣಿಸತೊಡಗಿದರು. ಸೂಪರ್‌ವೈಸರ್ ಕೈ ಎತ್ತಿದ ಎನ್ನುವಲ್ಲಿ ನಿಲ್ಲಿಸಿ, “ಮಿಕ್ಕಿದ್ದು ನಾಳೆ” ಎಂದರು. ಅತ್ತೆ ಸಾರಿನ ಸೌಟನ್ನು ಪಾತ್ರೆಗೆ ವಾಪಸು ಹಾಕಿದರು.

“ಸಾರೂ ನಾಳೆನೇ ಕಣ್ರೀ.”

ಮಾವ ಬರಿಯ ಮುದ್ದೆ ನೋಡಿ, ಕಥೆ ಮುಗಿಸಿದರು. ರೈಟ್ ಗುರುತು ಮಾತ್ರ ಬಿತ್ತು.

ಇಷ್ಟೆಲ್ಲ ಯಾಕೆ ಅಂತೀರಾ? ಮಾವನ ಮಗಳಿಗೆ ಬೆಂಗಳೂರಿನ ಸಿನಿಮಾ ಸ್ಟುಡಿಯೋದಲ್ಲಿ ‘ಫೋಲಿ’ ಎಂಬ ಕೆಲಸ ಸಿಕ್ಕಿತ್ತು. ಮಗಳೇನು ಮಾಡ್ತಾಳೆ ಎಂದು ನೆಂಟರು ಕೇಳಿದಾಗಲೆಲ್ಲ ಮಾವ ಬಾಯಿ ತೆರೆದು ಹಾಗೇ ಮುಚ್ಚುತ್ತಿದ್ದರು. ಮಗಳ ಕೆಲಸ ಹೇಳಲಾಗದ ಅಪ್ಪ ನಾನು ಎಂಬ ಕೊರಗು ಅವರಿಗೆ. ನೋಟ್‌ಬುಕ್ಕಿನ ಮೊದಲ ಮಾತೇ ‘ಫೋಲಿ’. ಗುರುತಿಲ್ಲದೆ ಹಾಗೇ ಉಳಿದಿತ್ತು.

ಒಂದು ಭಾನುವಾರ ಅವಳೇ ಬಿಡಿಸಿ ಹೇಳಿದಳು. “ಹೆಜ್ಜೆ, ಬಾಗ್ಲು, ಬಳೆ, ಎಲ್ಲಾದರ ಸದ್ದನ್ನೂ ಆಮೇಲೆ ನಾವು ಮಾಡಿ ಸೇರಿಸ್ತೀವಪ್ಪ. ಈಗ ಒಣ ಎಲೆ ಮೇಲೆ ನಡೆಯೋ ಸದ್ದೇ ಸರಿಯಾಗಿ ಬರ್ತಿಲ್ಲ.”

ಮಾವ ನಲ್ಲೂರಿನ ಹುಣಸೆ ತೋಪಿಗೆ ಹೋಗಿ ಒಂದು ಚೀಲ ಒಣಗಿದ ಹುಣಸೆ ಸಿಪ್ಪೆ ತಂದರು. ನಡುಮನೆಯಲ್ಲಿ ಹರಡಿ, ನಮಗೆಲ್ಲ ಕಣ್ಣು ಮುಚ್ಚಿಕೊಳ್ಳಲು ಹೇಳಿ ಅದರ ಮೇಲೆ ನಡೆದರು. ಸಾಕ್ಷಾತ್ ಕಾಡು! “ಗುಡ್ಸೋರ್ಯಾರು?” ಎಂದರು ಅತ್ತೆ. ಮಗಳು ಚೀಲ ಹೊತ್ತುಕೊಂಡು ಹೋದಳು.

ಅವಳು ಆ ಸದ್ದು ಸೇರಿಸಿದ ಸಿನಿಮಾ ದೊಡ್ಡಬಳ್ಳಾಪುರಕ್ಕೆ ಬಂದಾಗ ನಾವಿಬ್ಬರೂ ಹೋದೆವು. ಮುಗಿಯುತ್ತಲೇ ಜನ ಎದ್ದರು. ಮಾವ ಎಂದಿನಂತೆ ಏಳಲಿಲ್ಲ. ಅವರ ಜೊತೆ ಯಾರೂ ಬಾರದಿರುವುದು ಇದಕ್ಕೇ.

“ಪಂಕ್ತೀಲಿ ಎಲ್ಲರ ಊಟ ಮುಗೀದೆ ಏಳ್ತೀವೇನೋ? ಕೆಲಸ ಮಾಡಿದೋರ ಹೆಸ್ರು ಬರ್ತಿದೆ, ಕೂತ್ಕೋ.”

ನೂರಾರು ಹೆಸರುಗಳು ಸರಸರನೆ ಮೇಲೇರಿದವು. ಅವಳದು ಬಂದ ಹೊತ್ತಿಗೆ ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

“ಬಂತೇನೋ?”

“ಬಂತು ಮಾವ.”

ಕಸ ಗುಡಿಸಲು ಬಂದ ಹೆಂಗಸು, “ಏಳಿ ಯಜಮಾನ್ರೇ, ಇನ್ನೇನಿದೆ ನೋಡಾಕೆ?” ಎಂದಳು.

“ನನ್ನ ಮಗಳ ಹೆಸ್ರಿತ್ತು ಕಣವ್ವ. ಹೀರೋ ಕಾಡಲ್ಲಿ ನಡೆದ್ನಲ್ಲ, ಆ ಹೆಜ್ಜೆ ಸದ್ದು ಅವಳು ಮಾಡಿದ್ದು.”

ಒಂದೇ ಉಸಿರಿಗೆ ಹೇಳಿದರು, ಎಲ್ಲಿಯೂ ತಡವರಿಸಲಿಲ್ಲ. ಆಕೆ ಪೊರಕೆ ಗೋಡೆಗೆ ಒರಗಿಸಿ, ಮಾವನ ಪಕ್ಕ ನಿಂತು, ಉಳಿದ ಹೆಸರುಗಳು ಮುಗಿಯುವ ತನಕ ನೋಡಿದಳು.