ಹೂಂಗುಟ್ಟದಿದ್ದರೂ ಓಡುವ ಕಥೆ

ಕಥೆಗೆ ಹೂಂಗುಟ್ಟುವವರು ಬೇಕು ಎಂಬುದು ನಮ್ಮ ಕಡೆಯ ಕಟ್ಟಳೆ. ಹೇಳುವವಳು ಹೇಳುತ್ತಾಳೆ, ಕೇಳುವವರು ಮಾತಿಗೊಂದು ‘ಹೂಂ’ ಅನ್ನಬೇಕು. ಹೂಂ ನಿಂತಿತೆಂದರೆ ನಿದ್ದೆ ಹತ್ತಿದೆ ಎಂದು ಅರ್ಥ. ಕಥೆಯೂ ಅಲ್ಲಿಗೇ ನಿಂತು, ನಾಳೆ ಅಲ್ಲಿಂದಲೇ ಮುಂದುವರಿಯುತ್ತದೆ. ಮೊಬೈಲಿಗೆ ಈ ಮರ್ಯಾದೆ ಗೊತ್ತಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಒಂದು ಸಾಲು ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಈಗ ಕಣ್ಣೂ ಮಂಜು. ಅದಕ್ಕೇ ಚಾಮರಾಜನಗರದ ಆಫೀಸಿಗೆ ಹೋಗುವ ನನ್ನ ಸೊಸೆ ತನ್ನ ಹಳೆಯ ಮೊಬೈಲಿಗೆ ಒಂದು ಕಾದಂಬರಿ ಹಾಕಿ, ಅದೇ ಗಟ್ಟಿಯಾಗಿ ಓದುವಂತೆ ಮಾಡಿಕೊಟ್ಟಳು. ಓದುವ ಹೆಂಗಸಿನ ದನಿಗೆ ಸುಖವೂ ಇಲ್ಲ, ದುಃಖವೂ ಇಲ್ಲ. ಸಾವಾದರೂ ಮದುವೆಯಾದರೂ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಊರಿನ ಹೆಸರು ಕೂಗಿದ ಹಾಗೆ ಒಂದೇ ರಾಗ. “ಅವನು ಅವಳ ಕೈ ಹಿಡಿದು ನಲವತ್ತೆರಡು ಕಣ್ಣೀರಿಟ್ಟ” ಎಂದಳು ಒಮ್ಮೆ. ಎಣಿಸಿದವರು ಯಾರೆಂದುಕೊಂಡೆ, ಅದು ಪುಟದ ನಂಬರಂತೆ. ಆದರೂ ಆ ದನಿ ನನಗೆ ಹಿಡಿಸಿತು. ಅಳುವುದೋ ಬಿಡುವುದೋ ನನಗೆ ಬಿಟ್ಟದ್ದು. ಓದುವವಳೇ ಮೊದಲು ಅತ್ತು ದಾರಿ ತೋರಿಸಬೇಕಾಗಿಲ್ಲ.

ನಡುಗೋಡೆಯ ಆಚೆ ನನ್ನ ವಾರಗಿತ್ತಿ ನಾಗಮ್ಮನ ಮನೆ. ಅರಿಸಿನ ಒಣಗಿಸುವ ಜಾಗಕ್ಕೆ ಜಗಳವಾಗಿ ಎರಡು ವರ್ಷದಿಂದ ಮಾತಿಲ್ಲ. ಅವಳೇ ಮೊದಲು ಬಾಯಿ ಬಿಡಲಿ ಎಂದು ನಾನು, ನಾನೇ ಬಿಡಲಿ ಎಂದು ಅವಳು. ಗೋಡೆಗೆ ಒರಗಿ ಅವಳೂ ಕಥೆ ಕೇಳುತ್ತಾಳೆಂದು ತಿಳಿದು ಸೌಂಡು ಇಳಿಸಿದೆ. ಇಳಿಸಿದರೆ ನನಗೇ ಕೇಳದು, ಮತ್ತೆ ಏರಿಸಿದೆ.

ಮೊನ್ನೆ ಮಧ್ಯಾಹ್ನ ಕಥೆಯ ಹೆಣ್ಣು ಗಂಡನ ಮೇಲೆ ಮುನಿದು ತವರಿನ ಬಸ್ಸು ಹತ್ತಿದಳು. ಅಷ್ಟರಲ್ಲಿ ನನ್ನ ಕಣ್ಣು ಮುಚ್ಚಿತು. ಎಚ್ಚರವಾದಾಗ ಅವಳು ಅದೇ ಗಂಡನಿಗೆ ಮುದ್ದೆ ಬಡಿಸುತ್ತಿದ್ದಾಳೆ! ಅವನೇ ಹೋಗಿ ಕರೆದನೋ, ಇವಳೇ ಹಟ ಬಿಟ್ಟು ಬಂದಳೋ? ಸೊಸೆ ಬರುವುದು ಸಂಜೆಗೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗೋಡೆಯಾಚೆ ಎಲೆಅಡಿಕೆ ಕುಟ್ಟುವ ಸದ್ದು. ಕೊನೆಗೆ ಗೋಡೆಯನ್ನೇ ನೋಡುತ್ತ ಕೇಳಿದೆ: “ಏನಮ್ಮಿ, ಅವ್ನೇ ಓಗಿ ಕರುದ್ನಾ?”

“ಎಲ್ಲಿ ಕರುದನಕ್ಕ ಆ ಗಂಡ್ಸು! ಅವ್ಳೇ ಬಂದ್ಲು. ಬಂದು, ‘ಸಾರ್ಗೆ ಉಪ್ಪಾಕಿದ್ದಿಯಾ’ ಅಂದ್ಲು, ಅಷ್ಟೇಯ. ನಿನ್ ಗೊರ್ಕೆಲಿ ಮಿಕ್ಕಿದ್ದು ನಂಗೂ ಕೇಳ್ನಿಲ್ಲ.”

“ಕದ್ದು ಕೇಳೋಳ್ಗೆ ಇಷ್ಟು ಕೊಬ್ಬಾ?”

“ವಸಿ ಜೋರಾಗಿ ಮಡುಗು ಕಣಕ್ಕ, ಕದಿಯೋದು ತಪ್ಪುತ್ತೆ.”

ಸಂಜೆ ಇದನ್ನೆಲ್ಲ ಕೇಳಿ ಸೊಸೆ ನಕ್ಕಳು. “ಅಯ್ಯೋ ಅತ್ತೆ, ಬೆರಳಲ್ಲಿ ಹಿಂದಕ್ ಎಳುದ್ರೆ ಬಿಟ್ಟಲ್ಲಿಂದ ತಿರ್ಗಾ ಓದುತ್ತೆ. ಅವ್ರನ್ಯಾಕೆ ಕೇಳಕೋದ್ರಿ?”

ಒಂದು ಬೆರಳಿನ ಕೆಲಸ! ಬೆಳಿಗ್ಗೆಯೇ ಹೇಳಿದ್ದರೆ ಎರಡು ವರ್ಷ ಕಾಪಾಡಿಕೊಂಡ ಹಟ ಉಳಿಯುತ್ತಿತ್ತು. ಇನ್ನು ಮಾತು ಬಿಡಬೇಕೆಂದರೆ ಹೊಸದಾಗಿ ಜಗಳವಾಡಬೇಕು. ಈ ವಯಸ್ಸಿನಲ್ಲಿ ಕಾರಣ ಎಲ್ಲಿ ಹುಡುಕಲಿ? ಹುಡುಕುವ ಕಷ್ಟವೇನೂ ಬರಲಿಲ್ಲ. ಮರುದಿನವೇ ನಾಗಮ್ಮ ಚಾಪೆ ತಂದು ಫ್ಯಾನಿನ ಕೆಳಗೆ, ಸರಿಯಾಗಿ ನಾನು ಮಲಗುವ ಜಾಗದಲ್ಲೇ ಹಾಸಿದಳು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೊಬೈಲು ಓದಲು ಶುರು ಮಾಡಿಬಿಟ್ಟಿತು. ಪಕ್ಕಕ್ಕೆ ಸರಿದು ಕೂತೆ.